ಸದ್ದು ಮಾಡುವ ಗಾಡಿ

ಸುಳ್ಯದ ಮನೆಯಿಂದ
ಜುಲೈ 24, 2025, ಗುರುವಾರ

ಪ್ರೀತಿಯ ಯಶಸ್ವಿ,

ಹೇಗಿದ್ದಿ ಮಗಾ? ಚಿಕ್ಕಮ್ಮನ ಮೊಣಕಾಲು ನೋವು ಕಡಿಮೆಯಾಯಿತೆ? ನಿನ್ನ ಕಾಗದವೂ ಜೊತೆಗೆ ಕಳಿಸಿದ ಗಾಡಿಗಳ ಬಣ್ಣದ ಪುಸ್ತಿಕೆಗಳೂ ಬಂದು ಹತ್ತು ದಿನವಾಯಿತು. ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಸಿಗ್ನಲ್ ಸಿಗುವ ಬಂಡೆಯ ಮೇಲೆ ನಿಂತು ಕಿರುಚಿ ಹೇಳುವ ಮಾತಲ್ಲ ಇದು. ಮೇಲಾಗಿ ನೀನು ನಡುವೆ ಬಾಯಿ ಹಾಕುವವಳು, ಥೇಟ್ ಅಪ್ಪನ ಮಗಳು.

ರಾಮಕುಂಜದ ಕೆಲಸ ಬಿಟ್ಟು ಬಂದು ಅಪ್ಪನ ಜೇನುಪೆಟ್ಟಿಗೆಗಳನ್ನು ನೀನೇ ನೋಡಿಕೊಳ್ಳುತ್ತಿ ಎಂದು ಓದಿ ನನಗೆ ಎಷ್ಟು ಸಂತೋಷವಾಯಿತೆಂದು ಬರೆಯಲಾರೆ. ಅರುವತ್ತೆರಡು ಪೆಟ್ಟಿಗೆ, ಇಲ್ಲಿಂದ ಈಶ್ವರಮಂಗಲದವರೆಗೆ ಯಾರ್ಯಾರದೋ ತೋಟಗಳಲ್ಲಿ. ಅಪ್ಪ ಹೋದ ಮೇಲೆ ಈ ಒಂದು ವರ್ಷ ನೆರೆಮನೆಯ ಮುನವ್ವರನ ಆಟೋದಲ್ಲಿ ಸುತ್ತಿ ನಾನೇ ಸಕ್ಕರೆ ಪಾಕ ಇಟ್ಟು ಬಂದೆ. ಆದರೂ ಹದಿನಾರು ಪೆಟ್ಟಿಗೆಯ ಜೇನುಹುಳ ಎದ್ದು ಹೋಯಿತು. ಹೂವಿಲ್ಲದ ಮಳೆಗಾಲದಲ್ಲಿ ಪಾಕ ಎರಡು ದಿನ ತಪ್ಪಿದರೆ ಅವು ನಿಲ್ಲುವುದಿಲ್ಲ. ಹಾಗಾಗಿ ನಿನಗೆ ಗಾಡಿ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ.

ನಿನ್ನ ಪುಸ್ತಿಕೆಗಳಲ್ಲಿ ನನ್ನ ಕಣ್ಣು ಗುಡ್ಡ ಹತ್ತುವ ಬೈಕಿನ ಮೇಲೆ, ನೀನು ಇಲೆಕ್ಟ್ರಿಕ್ ಸೈಕಲ್ ಎನ್ನುತ್ತಿ. ಹೊಗೆ ಇಲ್ಲ, ಎಂಜಿನಿನ ನಡುಕ ಇಲ್ಲ, ಪೆಟ್ಟಿಗೆಯ ಬುಡದವರೆಗೆ ಹೋದರೂ ಹುಳಕ್ಕೆ ಸಿಟ್ಟು ಬರುವುದಿಲ್ಲ ಎಂದು ಬರೆದಿದ್ದಿ. ಅಕ್ಷರ ನಿನ್ನದು, ಮಾತು ಅಪ್ಪನದು. ಹಳೆಯ ಬೈಕ್ ಮಾರಿ ಅಂಥದೇ ಸೈಕಲ್ ತಂದ ದಿನ ಅವರು, "ಇನ್ನು ಹುಳಕ್ಕೂ ನೆಮ್ಮದಿ, ನಿನಗೂ ನೆಮ್ಮದಿ" ಎಂದು ನಕ್ಕಿದ್ದರು. ಹುಳಕ್ಕೆ ನೆಮ್ಮದಿಯಾಯಿತೋ ಏನೋ. ನನಗಂತೂ ಆಗಲಿಲ್ಲ.

ಬೈಕ್ ಇದ್ದಾಗ ಕೆಳಗೆ ಹಳ್ಳ ದಾಟುವ ಮೋರಿಯ ತಿರುವಿನಲ್ಲಿ ಅದು ಗುಡುಗುಡು ಎಂದರೆ ನಾನು ಮೀನು ಕಾವಲಿಗೆ ಹಾಕುತ್ತಿದ್ದೆ. ಅವರು ಕೈಕಾಲು ತೊಳೆದು ಕೂರುವ ಹೊತ್ತಿಗೆ ಬಿಸಿ ಮೀನು ಬಟ್ಟಲಿನಲ್ಲಿ. ಸೈಕಲ್ ಬಂದ ಮೇಲೆ ಅಡಿಗೆಮನೆಯಲ್ಲಿ ತಿರುಗಿ ನೋಡಿದರೆ ಮನುಷ್ಯ ಬೆನ್ನ ಹಿಂದೆಯೇ ನಿಂತಿರುತ್ತಿದ್ದರು. ನಮ್ಮ ನಾಯಿ ಬೊಳ್ಳು ಕೂಡ ಕಿವಿ ಎತ್ತುತ್ತಿರಲಿಲ್ಲ. ಒಂದು ದಿನ ಹೆದರಿ ಸೌಟು ಎಸೆದು, "ಇನ್ನು ಮೇಲೆ ಮೋರಿಯ ಹತ್ತಿರದಿಂದಲೇ ಕೂ ಹಾಕಿ ಬನ್ನಿ, ಮೂರು ಸಲ. ಇಲ್ಲದಿದ್ರೆ ನಾನು ಓ ಅನ್ನುದಿಲ್ಲ" ಎಂದೆ.

ಮೂರು ಯಾಕೆಂದು ನಿನಗೆ ಗೊತ್ತು. ನನಗೆ ನನ್ನ ಅಜ್ಜಿ ಕಲಿಸಿದ್ದನ್ನು ನಾನು ನಿನಗೆ ಕಲಿಸಿದ್ದೇನೆ. ಮಳೆ ಸುರಿಯುವ ಆಟಿ ತಿಂಗಳು ಬಂತೆಂದರೆ ಸತ್ತವರು ಊರಿಗೆ ಬಂದು ಹೋಗುತ್ತಾರೆ. ಮಳೆ ಬಿಟ್ಟು ನೆತ್ತಿಯ ಮೇಲೆ ಬಿಸಿಲು ನಿಂತ ಮಧ್ಯಾಹ್ನ ಯಾರಾದರೂ ಕರೆದರೆ ಕೂಡಲೇ ಓಗೊಡಬಾರದು, ಎಣಿಸಬೇಕು. ಮನುಷ್ಯರಾದರೆ ಮೂರು ಸಲ ಕರೆಯುತ್ತಾರೆ. ಮನುಷ್ಯರಲ್ಲದ ‘ಅದು’ ಆದರೆ ಮೂರನೆಯ ಸಲ ಕರೆಯಲು ಸ್ವರ ಇರುವುದಿಲ್ಲ. ಅಪ್ಪನಿಗೆ ಇದು ದೊಡ್ಡ ತಮಾಷೆ. "ಎಣಿಸಿದ್ಯಾ ಮಾರಾಯ್ತಿ? ಮೂರು ಆಯ್ತು. ನಾನೇ, ಬೇರೆ ಯಾರೂ ಅಲ್ಲ" ಎನ್ನುತ್ತಾ ಅಂಗಳಕ್ಕೆ ಬರುತ್ತಿದ್ದರು. ತಮಾಷೆಗಾದರೂ ಒಂದು ದಿನವೂ ತಪ್ಪಿಸಿದವರಲ್ಲ.

ಕಳೆದ ಆದಿತ್ಯವಾರ ದರ್ಬೆಯಿಂದ ನಿನ್ನ ಮಾವನ ಮಗ ರೂಪೇಶ ಬಂದಿದ್ದ. ಅವನದೂ ನಿನ್ನದೇ ರಾಗ. "ಅವಳಿಗೆ ಸೈಕಲೇ ಸಾಕು ಅತ್ತೆ. ಆ ಗುಡ್ಡ ಹತ್ತುವ ಬೈಕ್ ಎಂತಕೆ? ಕಾಲು ನೆಲಕ್ಕೆ ಎಟಕುದಿಲ್ಲ, ಬಿದ್ರೆ ಎತ್ಲಿಕ್ಕೆ ಇಬ್ಬರು ಬೇಕು. ಅದರ ಶಬ್ದಕ್ಕೆ ಹುಳ ಎಲ್ಲ ಕೇರಳಕ್ಕೆ ಓಡ್ತದೆ" ಎಂದ. ಜಗಲಿಯಲ್ಲಿ ಕುಳಿತಿದ್ದ ಮುನವ್ವರ್, "ಈ ಪಾಚಿ ಹಿಡಿದ ದಾರಿಗೆ ಸೈಕಲ್ ಆಗುದಿಲ್ಲ ಮಾರಾಯ. ನಾನು ನೋಡಿದ್ದಲ್ವಾ?" ಎಂದು ಚಹಾದ ಲೋಟ ಕೆಳಗಿಟ್ಟು ಎದ್ದ.

ಹೌದು, ನೋಡಿದವನು ಅವನೇ. ಕಳೆದ ವರ್ಷದ ಆಟಿಯ ಆ ಬಿಸಿಲಿನ ಮಧ್ಯಾಹ್ನ ಮೋರಿಯ ಮೇಲೆ ಚಕ್ರ ಜಾರಿ ಅಪ್ಪ ಕೆಳಗೆ ಹರಿಯುವ ತೋಡಿಗೆ ಬಿದ್ದರು, ಬ್ಯಾಟರಿಯ ಭಾರದ ಸಮೇತ ಸೈಕಲ್ ಎದೆಯ ಮೇಲೆ. ಸಂಜೆ ನಾಲ್ಕಕ್ಕೆ ಆಟೋ ಇಳಿಸುವಾಗ ಮುನವ್ವರ್ ಕಂಡ. ನನಗೆ ಏನೂ ಕೇಳಿಸಲಿಲ್ಲ ಎಂದು ಊರಿಗೆಲ್ಲ ಹೇಳಿದಂತೆ ನಿನಗೂ ಹೇಳಿದ್ದೆ.

ಅದಕ್ಕೇ ಹೇಳುವುದು, ಬೈಕ್ ತೆಗೆದುಕೋ. ಎತ್ತರ ಹೆಚ್ಚಾದರೆ ಸೀಟು ತಗ್ಗಿಸಿ ಕೊಡಲು ರೂಪೇಶನನ್ನು ಒಪ್ಪಿಸಿದ್ದೇನೆ. ಹುಳಕ್ಕೆ ಸಿಟ್ಟು ಬಂದರೆ ಗಾಡಿ ದೂರ ನಿಲ್ಲಿಸಿ ನಡೆ, ದೇವರು ಎರಡು ಕಾಲು ಕೊಟ್ಟಿದ್ದಾನೆ. ಸದ್ದು ಮಾಡುವ ಗಾಡಿ ಅರ್ಧ ದಾರಿಯಲ್ಲಿ ಸುಮ್ಮನಾದರೆ ಮನೆಯಲ್ಲಿದ್ದವರಿಗೆ ತಿಳಿಯುತ್ತದೆ, ಓಡಿ ಬರಬಹುದು. ಸದ್ದೇ ಇಲ್ಲದ್ದು ಎಲ್ಲಿ ನಿಂತಿತೆಂದು ಯಾರಿಗೆ ಗೊತ್ತಾಗಬೇಕು?

ಇಲ್ಲಿ ಆಟಿ ಹೊಕ್ಕು ಎಂಟು ದಿನವಾಯಿತು. ಆಟಿಯ ಕೊನೆಯ ಆದಿತ್ಯವಾರ ತೀರಿಹೋದ ಹಿರಿಯರಿಗೆ ಬಡಿಸುವುದುಂಟು, ಈ ಸಲ ಅಪ್ಪನ ಎಲೆಯೂ ಇದೆ. ಅಷ್ಟರೊಳಗೆ ಬಾ. ಬೊಳ್ಳು ಸರಿಯಾಗಿ ಉಣ್ಣುತ್ತಿಲ್ಲ. ಮಧ್ಯಾಹ್ನವಾದರೆ ಎದ್ದು ಮೋರಿಯ ಕಡೆ ಮುಖ ಮಾಡಿ ಬಾಲ ಆಡಿಸುತ್ತದೆ. ಜಗಲಿಯ ಪೆಟ್ಟಿಗೆಯ ಹುಳಗಳೂ ಆ ಹೊತ್ತಿಗೆ ಒಮ್ಮೆಲೇ ಗುಂಯ್‌ಗುಡುವುದನ್ನು ನಿಲ್ಲಿಸುತ್ತವೆ. ಕಾಯಿಲೆಯೋ ಏನೋ, ಬಂದವಳು ಮುಚ್ಚಳ ತೆಗೆದು ನೋಡು.

ನೀನು ಹಿಡಿದ ಕೆಲಸ ಕೈಗೆ ಹತ್ತಲಿ, ನಿನ್ನ ಮೈಗೆ ಒಂದು ಮುಳ್ಳೂ ತಾಗದಿರಲಿ. ಚಿಕ್ಕಮ್ಮನಿಗೆ ನೆನಪು ಹೇಳು.

ನಿನ್ನ ಅಮ್ಮ,
ಕಮಲಾವತಿ

ಮತ್ತೆ: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬಾರದೆ ಉಳಿದದ್ದು. ಆ ದಿನ ನನಗೆ ಕೂಗು ಕೇಳಿತ್ತು ಮಗಾ. ಎರಡು ಸಲ. ಅವರದೇ ಸ್ವರ, ಎರಡನೆಯದು ಮಾತ್ರ ತೀರಾ ತೆಳ್ಳಗೆ. ನಾನು ಸೌಟು ಹಿಡಿದುಕೊಂಡು ಮೂರನೆಯದಕ್ಕೆ ಕಾದೆ. ಬರಲಿಲ್ಲ. ಇದು ಅದೇ ಎಂದುಕೊಂಡು ಬಾಗಿಲಿಗೆ ಚಿಲಕ ಹಾಕಿ, ಕಿವಿ ಮುಚ್ಚಿ ಒಲೆಯ ಮುಂದೆ ಕುಳಿತೆ, ಮುನವ್ವರ್ ಬಂದು ಬಾಗಿಲು ಬಡಿಯುವವರೆಗೆ. ಒಂದು ಗಂಟೆ ಮೊದಲು ತಂದಿದ್ದರೆ ಎಂದು ಡಾಕ್ಟರು ಹೇಳಿದಾಗ ಅವನು ಅತ್ತ. ನನಗೆ ಅಳುವುದಕ್ಕೂ ಮುಖ ಇರಲಿಲ್ಲ.

ಈ ಆಟಿಯ ಮೊದಲ ದಿನದಿಂದ ಮಧ್ಯಾಹ್ನ ಮೋರಿಯ ಹತ್ತಿರ ಒಂದು ಕೂಗು ಕೇಳುತ್ತಿದೆ. ಒಂದೇ ಒಂದು. ಮೊದಲು ಹೆದರಿದೆ. ಆಮೇಲೆ ತಿಳಿಯಿತು, ಅಂದು ಬಾಕಿ ಉಳಿದದ್ದು ಅದೊಂದೇ. ಮೊನ್ನೆ ನಾನು ಓ ಎಂದೆ. ನಿನ್ನೆ ಅದು ಮೋರಿಯಿಂದ ಅಲ್ಲ, ಅಂಗಳದಿಂದ ಕೇಳಿತು.

ನೀನು ಬರುವಾಗ ಕೂಗಬೇಡ. ತಿರುವಿನಿಂದಲೇ ಬೈಕಿನ ಸದ್ದು ಕೇಳಿಸು. ಬಂದದ್ದು ನೀನೆಂದು ನನಗೆ ಗೊತ್ತಾಗಬೇಕು. ಕೂಗಿದವರಿಗೆ ನಾನೀಗ ಎಣಿಸದೆ ಬಾಗಿಲು ತೆಗೆಯುತ್ತೇನೆ.