ಉಣ್ಣುವವರು ಏಳುವತನಕ

ರಾಮದುರ್ಗ ತಾಲೂಕು
18-11-2025

ಸೌಭಾಗ್ಯವತಿ ನೀಲಾ,

ಸೌಭಾಗ್ಯವತಿ ಅಂತ ಬರೆದದ್ದು ನಿಮ್ಮಪ್ಪನ ಕಣ್ಣಿಗೆ ಬಿದ್ದರೆ ಈ ಹಾಳೆ ಒಲೆಗೆ ಹೋಗುತ್ತದೆ. ಹೋಗಲಿ, ರಿಜಿಸ್ಟರ್ ಮದುವೆಯಾಗಿ ತಿಂಗಳಾಯಿತು, ಮತ್ತೇನಂತ ಬರೆಯಲಿ? ನೀನೂ ಸುನೀಲನೂ ಯಾವ ಊರಲ್ಲಿದ್ದೀರಿ ಅಂತ ನನಗೂ ತಿಳಿಸಬೇಡ. ನಿಮ್ಮನ್ನು ರಕ್ಷಣೆಯಲ್ಲಿಟ್ಟಿರುವ ಉಮಾಶ್ರೀ ಮೇಡಂ ಈ ಪತ್ರ ಮುಟ್ಟಿಸುತ್ತಾರೆ.

ನೀನು ಹೋದ ಮರುದಿನ ನಿಮ್ಮಪ್ಪ ಕುಡಗೋಲು ಮಸೆಯುತ್ತ ಕುಂತ. ‘ಬ್ಯಾರೆ ಜಾತಿಯವನ ಕೂಡ ಹೋಗಿ ನನ್ನ ಮಾನ ಕಳದಾಳ. ಇಬ್ಬರನ್ನೂ ಬಿಡೂದಿಲ್ಲ’ ಅಂದ. ಮೊದಲು ತಾಯಿಯಾಗಿ ನಾನು ಅತ್ತುಬಿಟ್ಟೆ. ಆಮೇಲೆ ಪಂಚಾಯಿತಿ ಅಧ್ಯಕ್ಷೆ ಅನ್ನುವುದು ನೆನಪಾಗಿ, ಕಣ್ಣೊರೆಸಿಕೊಂಡು ಮೀಟಿಂಗ್ ಕರೆದೆ. ಪಿಡಿಒ ಗೌರೀಶ ಅವರು ಪೊಲೀಸರನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ನಿಮ್ಮಪ್ಪ ಸಹಿ ಮಾಡಿ ಮನೆಗೆ ಬಂದು ಮತ್ತೆ ಮಸೆಯತೊಡಗಿದ.

ಆಗ ನಮ್ಮ ವಾರ್ಡಿನ ಮೆಂಬರ್ ಹಮೀದಾಬಿ ಕೇಳಿದಳು: ‘ಅಧ್ಯಕ್ಷರ, ಮನಿಗೆ ಬಂದವರು ಉಂಡು ಏಳೂತನಕ ನಿಮ್ಮ ಅಮೋಘಸಿದ್ದಪ್ಪಣ್ಣ ಹೊಸ್ತಿಲ ದಾಟತಾರೇನ್ರಿ?’

ನಿಮ್ಮಪ್ಪ ದಾಟುವುದಿಲ್ಲ. ಬಳೆಗಾರನೊಬ್ಬ ನಮ್ಮಲ್ಲಿ ಉಣ್ಣುತ್ತಿದ್ದ ಅಂತ ತನ್ನ ಸ್ವಂತ ತಂಗಿಯ ಅಕ್ಷತೆಯನ್ನೇ ತಪ್ಪಿಸಿಕೊಂಡವನು. ಅದೂ ಅವನ ಮಾನವೇ.

ಮರುದಿನದಿಂದ ನಮ್ಮನೆಯಲ್ಲಿ ಉಣ್ಣುವ ಪಾಳಿ ಶುರುವಾಯಿತು. ಬೆಳಗಿನ ಬಸ್ಸಿನ ಹೊತ್ತಿಗೆ ಹಮೀದಾಬಿ ಬಂದು ಕೂರುತ್ತಾಳೆ. ಅವಳು ಕೈ ತೊಳೆಯುವಷ್ಟರಲ್ಲಿ ಇನ್ನಿಬ್ಬರು ಮೆಂಬರುಗಳು ಹಾಜರು. ಸಂಜೆಗೆ ಬೀಟ್ ಪೊಲೀಸ. ನಿಮ್ಮಪ್ಪ ಹಲ್ಲು ಕಡಿಯುತ್ತಲೇ ‘ಇನ್ನೊಂದ ರೊಟ್ಟಿ ಹಾಕಿಸ್ಕೋರಿ’ ಅನ್ನುತ್ತಾನೆ. ಎಣಗಾಯಿ ರುಚಿ ಹತ್ತಿ ಈಗ ಪಾಳಿಗಾಗಿ ಮೆಂಬರುಗಳಲ್ಲೇ ಜಗಳ. ಹೋದ ವರ್ಷ ನನ್ನ ಮೇಲೆ ಅವಿಶ್ವಾಸ ತಂದವರೂ ತುಂಬು ಸಹಕಾರ ಕೊಡುತ್ತಿದ್ದಾರೆ. ಯೋಜನೆ ಪಂಚಾಯಿತಿಯದು, ರೊಟ್ಟಿ ಬಡಿಯುವುದು ನಾನು. ತೋಳು ಬಿದ್ದುಹೋಗಿವೆ ಯವ್ವಾ.

ನಗುತ್ತ ಬರೆಯುತ್ತಿದ್ದರೂ ನನಗೆ ಹೆದರಿಕೆ ಹೋಗಿಲ್ಲ. ಬಾ ಎಂದು ಕರೆಯಬೇಕು ಅಂತ ದಿನಾ ಅನಿಸುತ್ತದೆ, ಕರೆಯುತ್ತಿಲ್ಲ. ಪೊಲೀಸರೂ ಉಮಾಶ್ರೀ ಮೇಡಂ ಅವರೂ ಆಗಲಿ ಅನ್ನುವತನಕ ನೀನೂ ಹಟ ಮಾಡಬೇಡ. ನನಗೆ ನೀನು ಜೀವಂತ ಬೇಕು.

ಸುನೀಲನಿಗೆ ನಾಚದೆ ಉಣ್ಣುವುದನ್ನು ರೂಢಿ ಮಾಡಿಸು. ಈ ಮನೆಯಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ನಿನ್ನ ಅವ್ವ,
ಶಟ್ಟೆವ್ವ

ತಾ.ಕ.: ಮೇಲಿನದು ನಿನ್ನೆ ಬರೆದದ್ದು. ಇವತ್ತು ಮೆಂಬರುಗಳೆಲ್ಲ ರಾಮದುರ್ಗದ ಮೀಟಿಂಗಿಗೆ ಹೋದೆವು. ಮನೆಗೆ ಯಾರನ್ನೂ ಪಾಳಿ ಹಚ್ಚಿರಲಿಲ್ಲ, ಮರೆತೇಬಿಟ್ಟಿದ್ದೆವು. ನೆನಪಾಗಿ ಓಡಿ ಬಂದರೆ ಬಾಗಿಲಿಗೆ ಬೀಗ, ಕುಡಗೋಲು ಜಾಗದಲ್ಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹುಡುಕಿದೆ, ಸಿಗಲಿಲ್ಲ. ಕಡೆಗೆ ನೋಡಿದರೆ ಪಂಚಾಯಿತಿ ಆಫೀಸಿನಲ್ಲಿ ಕುಂತಿದ್ದಾನೆ, ಕುಡಗೋಲು ಗೌರೀಶ ಅವರ ಟೇಬಲ್ಲಿನ ಮೇಲೆ. ಅವರ ಮುಂದೆ ಅತ್ತನಂತೆ. ‘ಇವತ್ತ ಮನಿಗೆ ಯಾರೂ ಬರಲಿಲ್ಲರಿ. ಸಿಟ್ಟಿನಾಗ ನಾ ಎಲ್ಲಿ ಹೋಗಿಬಿಡತೇನೋ ಅಂತ ನನಗ ಹೆದರಿಕಿ ಆತು’ ಅಂದನಂತೆ.

ಗೌರೀಶ ಅವರನ್ನು ತಾನೇ ಕೈಹಿಡಿದು ಊಟಕ್ಕೆ ಕರೆತಂದಿದ್ದಾನೆ. ಒಳಗೆ ಉಣ್ಣುತ್ತಿದ್ದಾರೆ.