ಕಂಬದ ಮುಂದೆಯೋ, ಕಂಬದಿಂದ ಮುಂದೆಯೋ?

ಮಾನ್ಯ ಸುರಕ್ಷತಾಧಿಕಾರಿಗಳೇ,

ಬರುವ ಭಾನುವಾರದಿಂದ ರಿಫಾದ ನಿಮ್ಮ ನಿರ್ಮಾಣ ಸ್ಥಳದಲ್ಲಿ ಕ್ರೇನಿಗೆ ಸನ್ನೆ ತೋರುವ ಮನುಷ್ಯ ಇರುವುದಿಲ್ಲವೆಂದು ಗೋಡೆಯ ಪ್ರಕಟಣೆಯಲ್ಲಿ ಓದಿದೆ. ಅದರಲ್ಲಿ 'ಸುರಕ್ಷತೆ'ಯನ್ನು 'ಸುರಕ್ಷಿತೆ' ಎಂದು ಬರೆಸಿದ್ದೀರಿ. ಆ ಕಾಗುಣಿತವನ್ನು ಕ್ಷಮಿಸಬಲ್ಲೆ. ಆ ನಿರ್ಧಾರವನ್ನು ಕ್ಷಮಿಸಲಾರೆ.

ಕ್ರೇನನ್ನು ನಡೆಸುವ ನಿಮ್ಮ ಕೃತಕ ಬುದ್ಧಿಮತ್ತೆಯ ಜಾಣ್ಮೆಯನ್ನು ಅಲ್ಲಗಳೆಯುವುದಿಲ್ಲ. ತೂಗುವ ತೊಲೆಯ ಭಾರ, ಗಾಳಿಯ ಒತ್ತಡ, ಓಲಾಟದ ಅವಧಿ ಎಲ್ಲವನ್ನೂ ಅದು ಕ್ಷಣದಲ್ಲಿ ಗಣಿಸುತ್ತದೆ. ಜವಕ್ಕೂ ವೇಗಕ್ಕೂ ಇರುವ ಭೇದವನ್ನು ಬಲ್ಲದು; ನನ್ನ ಪದವೀಧರ ಮಿತ್ರರಲ್ಲಿ ಹಲವರು ಅರಿಯರು. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿರುವ ಕಾರ್ಮಿಕನನ್ನು ಕನ್ನಡದಲ್ಲೇ "ಎಲ್ಲಿದ್ದೀರಿ?" ಎಂದು ಕೇಳಿ, ಅವನ ಉತ್ತರದಂತೆ ತೊಲೆಯ ಹಾದಿಯನ್ನು ನಿಶ್ಚಯಿಸುತ್ತದೆ. ಉತ್ತರ ತಿಳಿಯದಿದ್ದರೆ ಕಾಯುತ್ತದೆ. ತಪ್ಪಾಗಿ ತಿಳಿದರೆ?

ಹೂರಾದಲ್ಲಿ ನಾನು ನಡೆಸುವ ಶುಕ್ರವಾರದ ಕನ್ನಡ ತರಗತಿಗೆ ನಿಮ್ಮ ಕಾರ್ಮಿಕ ರಮೀಝ್ ಬರುತ್ತಾನೆ. ಯಂತ್ರಕ್ಕೆ ಅವನು "ಕಂಬದ ಆಚೆ ಉಂಟು ಮಾರಾಯ" ಎನ್ನುತ್ತಿದ್ದನಂತೆ. ನನ್ನ ಕಿವಿಗೆ ಅದು ಸಹ್ಯವಾಗಲಿಲ್ಲ. "ನಾನು ಕಂಬದಿಂದ ಮುಂದೆ ಇದ್ದೇನೆ" ಎಂದು ತಿದ್ದಿಕೊಟ್ಟೆ. ಕ್ರೇನಿನ ಕಡೆಯಿಂದ ನೋಡಿದರೆ 'ಕಂಬದ ಮುಂದೆ' ಎಂಬುದು ಈಚೆ, 'ಕಂಬದಿಂದ ಮುಂದೆ' ಎಂಬುದು ಆಚೆ. ನಡುವಿರುವುದು ಒಂದು ವಿಭಕ್ತಿ ಪ್ರತ್ಯಯ ಮಾತ್ರ. ಕಳೆದ ತಿಂಗಳು ನಿಮ್ಮ ಯಂತ್ರ ಆ ಪ್ರತ್ಯಯವನ್ನು ನುಂಗಿತು. ರಮೀಝ್ ಈಚೆಗಿದ್ದಾನೆಂದು ಬಗೆದು ತೊಲೆಯನ್ನು ಆಚೆಗೆ, ಅವನ ನೆತ್ತಿಯ ಮೇಲಕ್ಕೆ, ಕಳುಹಿಸಿತು.

ಸನ್ನೆಗಾರ ಅಝೀಝ್ "ರಮೀಝ್, ಓಡು ಮಾರಾಯ, ಮೇಲೆ ನೋಡು!" ಎಂದು ಕಿರುಚಿ ಕೆಂಪು ಗುಂಡಿಯನ್ನು ಒತ್ತಿದ. ತೊಲೆ ಹೆಲ್ಮೆಟ್ಟಿನಿಂದ ಒಂದು ಮೊಳ ಮೇಲೆ ನಿಂತಿತು.

ಆ ಶುಕ್ರವಾರ ಇಬ್ಬರೂ ತರಗತಿಗೆ ಬಂದರು. "ಮಾಷ್ಟ್ರೇ, ನಿಮ್ಮ ವ್ಯಾಕರಣಕ್ಕೂ ಒಂದು ಹೆಲ್ಮೆಟ್ ತೊಡಿಸಿ ಆಯ್ತಾ?" ಎಂದು ಅಝೀಝ್ ನಕ್ಕ. ರಮೀಝ್ ನಗಲಿಲ್ಲ. "ಆಚೆ ಅಂದ್ರೆ ಅದಕ್ಕೆ ಗೊತ್ತಾಗ್ತಿತ್ತು ಸರ್. ನೀವು ಹೇಳಿದ್ರಿ ಅಂತ ಬದಲಾಯಿಸಿದ್ದು. ಈಗ ಬಾಯಿ ಬಿಡ್ಲಿಕ್ಕೇ ಹೆದ್ರಿಕೆ ಆಗ್ತದೆ."

ನನ್ನ ದೂರಿಗೆ ತಾವು ಉತ್ತರಿಸಿದ್ದೀರಿ: "ಗಣನೆಯಲ್ಲಿ ದೋಷವಿಲ್ಲ, ಹೇಳಿಕೆಯಲ್ಲಿ ಅಸ್ಪಷ್ಟತೆಯಿತ್ತು." ನಿಜ, ಗಣನೆ ನಿರ್ದೋಷವೇ. ಅಲ್ಲಿ ಇಲ್ಲದ ಮನುಷ್ಯನನ್ನು ಅದು ಬಹು ನಿಖರವಾಗಿ ಕಾಪಾಡಿತು! ಆ ಸ್ಥಳದಲ್ಲಿ ಮಲಯಾಳಂ, ಬಂಗಾಳಿ, ಉರ್ದು ಆಡುವವರೂ ದುಡಿಯುತ್ತಾರೆ. ಅವರವರ ಭಾಷೆಯಲ್ಲಿ ಇಂಥ ಎಷ್ಟು ಕಂಬಗಳು ಅಡಗಿವೆಯೆಂದು ಪರೀಕ್ಷಿಸಿದ್ದೀರಾ? ಅಥವಾ ಒಂದೊಂದು ತಲೆಯ ಮೇಲೆ ಒಂದೊಂದು ತೊಲೆ ಇಳಿದಾಗ ತಿಳಿದುಕೊಳ್ಳುವಿರಾ?

ಅಝೀಝನನ್ನು ಗೇಟಿನ ಕಾವಲಿಗೆ ಕಳುಹಿಸುವ ಆದೇಶವನ್ನು ಗುರುವಾರದೊಳಗೆ ಹಿಂತೆಗೆದುಕೊಳ್ಳಿ. ಕೆಂಪು ಗುಂಡಿ ಮನುಷ್ಯನ ಕೈಯಲ್ಲೇ ಇರಲಿ. ಭಾನುವಾರ ಬೆಳಿಗ್ಗೆ ಆರಕ್ಕೆ ಮೊದಲ ತೊಲೆ ಏಳುತ್ತದೆ, ಅದರ ಕೆಳಗೆ ರಮೀಝ್ ಇರುತ್ತಾನೆ. ಯಂತ್ರ ಕೇಳಿದರೆ ಏನೆನ್ನಲಿ ಎಂದು ಅವನು ನನ್ನನ್ನು ಕೇಳಿದ್ದಾನೆ. ಅವನ ಹಳೆಯ 'ಆಚೆ'ಯನ್ನೂ ಅದು ಮುಂದೊಂದು ದಿನ 'ಈಚೆ' ಎಂದು ತಿಳಿಯದೆಂದು ನಾನು ಹೇಗೆ ಹೇಳಲಿ? ಐವತ್ತು ವರ್ಷ ವ್ಯಾಕರಣ ಪಾಠ ಹೇಳಿದ ನನ್ನಲ್ಲಿ, ಅವನ ಜೀವವನ್ನು ನಂಬಿ ಒಪ್ಪಿಸಬಹುದಾದ ಒಂದು ವಾಕ್ಯವೂ ಇಲ್ಲ.

ಇಂತಿ,
ಸರಿಯಾಗಿದ್ದ ಮಾತನ್ನು ತಿದ್ದಿ ಕೆಡಿಸಿದ
ಲಕ್ಷ್ಮೀಪತಿ
ಹೂರಾ, ಬಹರೈನ್