ಹೂಕೋಸಿನಲ್ಲಿ ಹುಳ ಇತ್ತು

ಡಿಸೆಂಬರ್ 4, ಬೆಳಿಗ್ಗೆ
ಅಮ್ಮನಿಗೆ ಮೈ ಒರೆಸಿದ್ದಾಯಿತು. ಮಾತ್ರೆ, ಹಾಲು. ಸೊಂಟದ ಆಪರೇಷನ್ ಆಗಿ ಹತ್ತೊಂಬತ್ತು ದಿನ. ಕೈಗೆ ಕೆಲಸವಿರಲಿ ಎಂದು ಬಟಾಣಿ ಕೊಟ್ಟೆ. ದಿಂಬಿಗೊರಗಿ ಬಿಡಿಸಿದಳು.
ಡ್ರೆಸಿಂಗ್ ಬದಲಿಸಲು ಬಂದ ನರ್ಸ್‌ಗೆ ಹಳೇ ಕಥೆ. ಚಳಿಗಾಲದಲ್ಲಿ ಮಗನ ಜೊತೆ ಮಾರ್ಕೆಟ್‌ಗೆ ಹೋಗುತ್ತಿದ್ದಳಂತೆ. ಹೂಕೋಸು ಆರಿಸುವುದರಲ್ಲಿ ಅವನದು ಎತ್ತಿದ ಕೈಯಂತೆ.
ಅಣ್ಣ ಒಂದು ದಿನವೂ ಹೋಗಿಲ್ಲ. ಎಂಟು ಗಂಟೆಯ ತನಕ ಹೊದ್ದು ಮಲಗುತ್ತಿದ್ದ. ಹೋಗುತ್ತಿದ್ದವಳು ನಾನು.

ಡಿಸೆಂಬರ್ 5
ಇದ್ದದ್ದು ಇದ್ದಂತೆ ಬರೆದಿಡುತ್ತೇನೆ. ಆಗ ನನಗೆ ಎಂಟು ವರ್ಷ. ನಿಯಮ ಒಂದೇ — ಮಾರ್ಕೆಟ್‌ನಲ್ಲಿ ‘ಅಮ್ಮ’ ಅನ್ನಬಾರದು. ಮೊದಲು ನಾನೊಬ್ಬಳೇ ಅಂಗಡಿ ಮುಂದೆ ನಿಂತು, ನಾಲ್ಕು ಜನಕ್ಕೆ ಕೇಳುವಂತೆ ಹೇಳಬೇಕು: ನಿನ್ನೆ ಕೊಂಡ ಹೂಕೋಸಿನಲ್ಲಿ ಹುಳ ಇತ್ತು. ಅಂಗಡಿಯವನು ಗಾಬರಿಯಾಗಿ ಒಳಗಿನ ಮೂಟೆ ಬಿಚ್ಚಿ ಹೊಸದನ್ನು ತೆಗೆಯುತ್ತಿದ್ದ. ಅಮ್ಮ ಯಾರೋ ಗಿರಾಕಿಯಂತೆ ಬಂದು ಅದನ್ನೇ ಕೊಳ್ಳುತ್ತಿದ್ದಳು. ಪ್ರತಿ ಸಲ ಬೇರೆ ಅಂಗಡಿ. ಎರಡು ಚಳಿಗಾಲ ಹೀಗೇ ನಡೆಯಿತು.
ಮೂರನೆಯದರಲ್ಲಿ ಅಮ್ಮನಿಗೆ ಅಂಗಡಿಯ ಗುರುತು ತಪ್ಪಿತು. ಹಿಂದೊಮ್ಮೆ ಹುಳದ ಮಾತು ಹೇಳಿದ್ದ ಅಂಗಡಿಗೇ ಕಳಿಸಿದಳು. ಅವನು ನನ್ನ ಜಡೆ ಹಿಡಿದ. ಯಾರ ಮಗಳು ಎಂದು ಕೇಳಿದ. ಅಮ್ಮನ ಕಡೆ ನೋಡಿದೆ. ಕ್ಯಾರೆಟ್ ಒತ್ತಿ ನೋಡುತ್ತಿದ್ದಳು.
“ಯಾರದೋ ಏನೋ. ಕೆನ್ನೆಗೆ ಎರಡು ಕೊಡಿ, ಬುದ್ಧಿ ಬರತ್ತೆ” ಅಂದಳು ಅಮ್ಮ.
ಕೊಟ್ಟ. ಎರಡೇ.

ಡಿಸೆಂಬರ್ 9, ಮಧ್ಯಾಹ್ನ
ಮಾರ್ಕೆಟ್‌ಗೆ ನಿಜಕ್ಕೂ ಬರುತ್ತಿದ್ದದ್ದು ಯಾರು ಎಂದು ಅಮ್ಮನನ್ನು ಕೊನೆಗೂ ಕೇಳಿದೆ. ತಪ್ಪಾಯ್ತು ಅನ್ನುವುದು ಬೇಡ. ನೀನೇ ಬರ್ತಿದ್ದೆ ಅಂದರೆ ಸಾಕಿತ್ತು.
“ಗೊತ್ತು ಕಣೇ. ನಂಗೇನು ಅರಳುಮರಳಾ? ನಿನ್ನ ಜೊತೆ ಹೋಗ್ತಿದ್ದೆ ಅಂದ್ರೆ ಆ ಏಟಿನ ಕಥೇನೂ ಹೇಳ್ಬೇಕಾಗತ್ತೆ. ಅವನ ಜೊತೆ ಅಂದ್ರೆ ಬರೀ ಹೂಕೋಸು.”
ಆಮೇಲೆ, ದಿಂಬು ಸರಿಮಾಡು ಎಂದಳು. ಮಾಡಿದೆ.

ಡಿಸೆಂಬರ್ 14
ಅಣ್ಣನ ಫೋನ್. ಅಮ್ಮ ಸ್ಪೀಕರ್ ಹಾಕಿಸಿದಳು. ನರ್ಸ್ ಕೂಡ ಇದ್ದಳು. ಅಣ್ಣನಿಗೆ ಎಲ್ಲ ನೆನಪಿದೆಯಂತೆ... ಚೀಲ ಹೊತ್ತು ಭುಜ ನೋಯುತ್ತಿತ್ತಂತೆ.
“ಬೇಕಾದ್ರೆ ಇವಳನ್ನೇ ಕೇಳಿ” ಎಂದು ಅಮ್ಮ ನರ್ಸ್‌ಗೆ ನನ್ನನ್ನು ತೋರಿಸಿದಳು. ಮೂವರೂ ಕಾದರು.
ಹೌದು ಅಂದೆ. ಅಣ್ಣ ಚಳಿಯಲ್ಲೂ ಎಲ್ಲರಿಗಿಂತ ಮೊದಲು ಎದ್ದು ಚೀಲ ಹಿಡಿದು ನಿಲ್ಲುತ್ತಿದ್ದ ಎಂದೂ ಸೇರಿಸಿದೆ. ಅಷ್ಟನ್ನು ಯಾರೂ ಕೇಳಿರಲಿಲ್ಲ.
ನರ್ಸ್ ಹೋದ ಮೇಲೆ ಅಮ್ಮ ಹತ್ತಿರ ಕರೆದಳು. ಜಾಣೆ ಅಂದಳು. ತಲೆ ಸವರಿದಳು, ನನಗೆ ನೆನಪಿರುವಂತೆ ಮೊದಲ ಸಲ. ಎದ್ದು ಹೋಗಬೇಕಿತ್ತು. ಹೋಗದೆ, ಇನ್ನಷ್ಟು ಬಗ್ಗಿ ಅವಳ ಕೈಗೆ ತಲೆ ಕೊಟ್ಟೆ.